ಬೆರಕೆ ಪೆಟ್ಟಿಗೆಯ ಕಾಲನಿರ್ಣಯ

ಅಮೆರಿಕದ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ‘ಮದುವೆಯಾದದ್ದು’ ಎಂದರೆ ಬೈಗುಳ. ಬೀರುವಿನ ಮೇಲ್ಭಾಗ ಒಂದು ಮನೆಯದು, ಕೆಳಭಾಗ ಇನ್ನೊಂದು ಮನೆಯದು ಎಂದು ಗೊತ್ತಾದರೆ ಅದು ‘ಮದುವೆಯಾದ’ ಬೀರು. ಬೆಲೆ ಅಲ್ಲಿಗೇ ಅರ್ಧ. ಕನ್ಸೋಲ್ ರೇಡಿಯೋಗಳಿಗೂ ಇದೇ ಮಾತು. ಕನ್ಸೋಲ್ ಎಂದರೆ ಮೇಜಿನ ಮೇಲಿಡುವ ರೇಡಿಯೋ ಅಲ್ಲ, ನೆಲದ ಮೇಲೆ ತಾನೇ ನಿಲ್ಲುವ, ಮೂರು ಮೂರೂವರೆ ಅಡಿ ಎತ್ತರದ ಮರದ ಪೆಟ್ಟಿಗೆ. ಮೇಲೆ ಡಯಲ್ಲು ಮತ್ತು ಗುಂಡಿಗಳು, ಅದರ ಹಿಂದೆ ವಾಲ್ವುಗಳನ್ನು ಹೊತ್ತ ಉಕ್ಕಿನ ತಟ್ಟೆ ಅಥವಾ ಚಾಸಿ, ಕೆಳಗೆ ಬಟ್ಟೆಯ ಮರೆಯಲ್ಲಿ ದೊಡ್ಡ ಸ್ಪೀಕರು. ಈ ಮೂರೂ ಒಂದೇ ಮಾದರಿಯವಾಗಿದ್ದರೆ ಸಂಗ್ರಾಹಕರಿಗೆ ಸಂತೋಷ. ಪೆಟ್ಟಿಗೆ ಒಂದು ಕಂಪನಿಯದು, ಚಾಸಿ ಮತ್ತೊಂದರದು, ಸ್ಪೀಕರು ಇನ್ನೆಲ್ಲಿಯದೋ ಆಗಿದ್ದರೆ ಅದಕ್ಕೆ ಎರಡೇ ಗತಿ. ಒಂದೋ ‘ಸರಿಯಾದ’ ಭಾಗಗಳನ್ನು ಹುಡುಕಿ ತಂದು ಅದನ್ನು ಶುದ್ಧಿ ಮಾಡುತ್ತಾರೆ, ಇಲ್ಲವೇ ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ.

ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ ಎಂಬುದು ಈ ಬರಹದ ವಾದ. ಆ ಬೆರಕೆಯನ್ನು ಓದಬೇಕು. ರೇಡಿಯೋದ ಇತಿಹಾಸ ಬಹುಮಟ್ಟಿಗೆ ಕಂಪನಿಗಳ ಕಾಗದಪತ್ರಗಳಿಂದ ಬರೆದದ್ದು. ಪೇಟೆಂಟುಗಳು, ಜಾಹೀರಾತುಗಳು, ಮಾದರಿಗಳ ಪಟ್ಟಿಗಳು, ಸರ್ಕ್ಯೂಟ್ ನಕ್ಷೆಗಳು ನಮಗೆ ಹೇರಳವಾಗಿ ಉಳಿದಿವೆ. ಅವು ಹೇಳುವುದು ರೇಡಿಯೋ ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತು ಎಂಬುದನ್ನು ಮಾತ್ರ. ಅದಾದ ಮೇಲೆ ಮೂವತ್ತು ವರ್ಷ ಅದು ಯಾರದೋ ಮನೆಯ ನಡುಮನೆಯಲ್ಲಿ ಹೇಗೆ ಬದುಕಿತು, ಯಾವಾಗ ಕೆಟ್ಟಿತು, ಯಾರು ಹೇಗೆ ಸರಿಮಾಡಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಅದರ ದಾಖಲೆ ಇರುವುದು ರೇಡಿಯೋದ ಹೊಟ್ಟೆಯೊಳಗೇ, ನಾವು ‘ಹೊಂದಿಕೆಯಾಗದ ಭಾಗ’ ಎಂದು ಕಿತ್ತೆಸೆಯುವ ಆ ಭಾಗದಲ್ಲಿ.

ಮೊದಲಿಗೆ, ‘ಶುದ್ಧ ಜೋಡಿ’ ಎಂಬ ಕಲ್ಪನೆಯೇ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. 1920ರ ದಶಕದಲ್ಲಿ ರೇಡಿಯೋ ತಯಾರಕರು ಬೇರೆ, ಪೆಟ್ಟಿಗೆ ಮಾಡುವವರು ಬೇರೆ ಇರುತ್ತಿದ್ದುದು ಸಾಮಾನ್ಯ. ಫಿಲಡೆಲ್ಫಿಯಾದ ಆಟ್‌ವಾಟರ್ ಕೆಂಟ್ ಕಂಪನಿಯ ಸೆಟ್ಟುಗಳು ಅದೇ ಊರಿನ ಪೂಲಿ ಕಂಪನಿಯ ಬೀರುಗಳಲ್ಲಿ ಕೂರುತ್ತಿದ್ದವು; ವಿಸ್ಕಾನ್ಸಿನ್‌ನ ಕೀಲ್ ಕಂಪನಿ ಮಾಡಿದ ಮೇಜುಗಳ ಒಳಗೂ ಅವಿತಿರುತ್ತಿದ್ದವು. ಚಿಕಾಗೋದ ಇ.ಎಚ್. ಸ್ಕಾಟ್ ಸಂಸ್ಥೆ 1930ರ ದಶಕದಲ್ಲೂ ತನ್ನ ಹೊಳೆಯುವ ಕ್ರೋಮಿಯಂ ಲೇಪದ ಚಾಸಿಗಳನ್ನು ಒಂದು ಬೆಲೆಗೆ, ಪೆಟ್ಟಿಗೆಗಳನ್ನು ಇನ್ನೊಂದು ಬೆಲೆಗೆ ಮಾರುತ್ತಿತ್ತು. ಗಿರಾಕಿ ತನ್ನ ಬಡಗಿಯಿಂದಲೇ ಪೆಟ್ಟಿಗೆ ಮಾಡಿಸಿಕೊಂಡರೂ ಆಯಿತು. ಇಂಥ ರೇಡಿಯೋಗಳ ಮಟ್ಟಿಗೆ ‘ಮೂಲ ಪೆಟ್ಟಿಗೆ ಯಾವುದು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲೇಬೇಕೆಂದಿಲ್ಲ.

ಕನ್ಸೋಲ್ ನಡುಮನೆಗೆ ಬಂದದ್ದು ಮನೆಯ ವಿದ್ಯುತ್ತಿನಿಂದ ನೇರವಾಗಿ ನಡೆಯುವ ವಾಲ್ವುಗಳು ಬಂದ ಮೇಲೆ. 1927ರವರೆಗೂ ಹೆಚ್ಚಿನ ಸೆಟ್ಟುಗಳಿಗೆ ಬ್ಯಾಟರಿಗಳೇ ಗತಿ. ಆಸಿಡ್ ಸೋರಿ ಜಮಖಾನೆ ಸುಡುವ ಭಯ ಬೇರೆ. ಬ್ಯಾಟರಿ ಹೋದ ಮೇಲೆ ರೇಡಿಯೋ ಯಂತ್ರದ ವೇಷ ಕಳಚಿ ಪೀಠೋಪಕರಣವಾಯಿತು. 1930ರ ಅಮೆರಿಕದ ಜನಗಣತಿಯಲ್ಲಿ ‘ಮನೆಯಲ್ಲಿ ರೇಡಿಯೋ ಇದೆಯೇ’ ಎಂಬ ಪ್ರಶ್ನೆಯೇ ಇತ್ತು. ಸುಮಾರು 40 ಪ್ರತಿಶತ ಮನೆಗಳು ಇದೆ ಎಂದವು. 1940ರ ಹೊತ್ತಿಗೆ ಆ ಪ್ರಮಾಣ 80 ಪ್ರತಿಶತ ದಾಟಿತು. ನಡುವಿನ ಹತ್ತು ವರ್ಷ ಮಹಾ ಆರ್ಥಿಕ ಕುಸಿತದ ಕಾಲ ಎಂಬುದನ್ನು ಮರೆಯಬಾರದು. ಫಿಲ್ಕೊ 1930ರಲ್ಲಿ 50 ಡಾಲರಿಗೂ ಕಡಿಮೆ ಬೆಲೆಗೆ ಕಮಾನಿನಾಕಾರದ ಪುಟ್ಟ ಮೇಜಿನ ರೇಡಿಯೋ ತಂದು ಗೆದ್ದಿತು. ‘ಮೆಜೆಸ್ಟಿಕ್’ ಹೆಸರಿನ ಭಾರೀ ಕನ್ಸೋಲ್‌ಗಳನ್ನು ಮಾಡುತ್ತಿದ್ದ ಗ್ರಿಗ್ಸ್‌ಬಿ-ಗ್ರೂನೊ ದಿವಾಳಿಯಾಯಿತು. ಆಟ್‌ವಾಟರ್ ಕೆಂಟ್ 1936ರಲ್ಲಿ ಕಾರ್ಖಾನೆಯ ಬಾಗಿಲು ಹಾಕಿತು. ಕಂಪನಿ ಮುಚ್ಚಿದರೂ ಅದರ ರೇಡಿಯೋಗಳು ಲಕ್ಷಾಂತರ ಮನೆಗಳಲ್ಲಿ ಹಾಡುತ್ತಲೇ ಇದ್ದವು. ಅವು ಕೆಟ್ಟಾಗ ಏನು ಮಾಡುವುದು? ಬೆರಕೆಯ ಮೊದಲ ಕಾರಣ ಇಲ್ಲಿದೆ.

ಹೀಗೊಂದು ಕನ್ಸೋಲ್ ನಮ್ಮ ಎದುರಿಗಿದೆ ಎಂದುಕೊಳ್ಳೋಣ. ಹೊರಗೆ ಹೆಸರಿನ ಫಲಕವಿಲ್ಲ, ಒಳಗೆ ಅಂಟಿಸಿದ್ದ ಚೀಟಿ ಅರ್ಧ ಹರಿದಿದೆ. ಎಲ್ಲಿಂದ ಶುರುಮಾಡುವುದು?

ಪೆಟ್ಟಿಗೆಯಿಂದ. ಆರು ಕಾಲುಗಳ, ಮುಂದೆ ಎರಡು ಕದಗಳ ಎತ್ತರದ ಬೀರು ಎಂದರೆ 1930–31ರ ಸುಮಾರಿನ ಶೈಲಿ. ಕದ ತೆರೆದರೆ ಆ ಕಾಲದ ರೇಡಿಯೋಗಳಲ್ಲಿ ಡಯಲ್ಲಿಗೆ ಒಂದು ಪುಟ್ಟ ಕಿಂಡಿ ಇರಬೇಕು. ಆದರೆ ಇಲ್ಲಿರುವುದು ವಿಮಾನದ ಗಡಿಯಾರದಂತೆ ದೊಡ್ಡ ದುಂಡು ಡಯಲ್ಲು. ಅದು 1934ರ ಆಸುಪಾಸಿನ ಫ್ಯಾಷನ್ನು. ಕಿಂಡಿಯನ್ನು ಯಾರೋ ಗರಗಸದಿಂದ ಅಗಲಿಸಿದ್ದಾರೆ. ಯಾವಾಗ? ಕೊಯ್ದ ಅಂಚನ್ನು ಹಿಂದಿನಿಂದ ದೀಪ ಹಿಡಿದು ನೋಡಬೇಕು. ಹೊಸದಾಗಿ ಕೊಯ್ದ ಮರ ಬಿಳಿಚಾಗಿರುತ್ತದೆ. ದಶಕಗಳ ಗಾಳಿ ಕುಡಿದ ಮರ ಪೆಟ್ಟಿಗೆಯ ಒಳಮೈಯಷ್ಟೇ ಕಂದಾಗಿರುತ್ತದೆ. ಚಾಸಿ ಕೂರುವ ಹಲಗೆಯ ಮೇಲೆ ಧೂಳಿನ ನೆರಳುಗಳನ್ನು ಹುಡುಕಬೇಕು. ಮೊದಲಿದ್ದ ಚಾಸಿಯ ಅಂಚು ಎಲ್ಲಿಗೆ ಬರುತ್ತಿತ್ತು ಎಂಬುದು ಮರದ ಬಣ್ಣದಲ್ಲೇ ಅಚ್ಚಾಗಿರುತ್ತದೆ. ಬಳಸದೆ ಬಿಟ್ಟ ಸ್ಕ್ರೂ ತೂತುಗಳನ್ನು ಎಣಿಸಬೇಕು. ಸ್ಕ್ರೂಗಳ ತಲೆಯನ್ನೂ ನೋಡಬೇಕು. ಅಡ್ಡಗೀರಿನದಾದರೆ ಹಳೆಯದಿರಬಹುದು, ನಕ್ಷತ್ರದ ಗುರುತಿನ ಫಿಲಿಪ್ಸ್ ತಲೆಯದಾದರೆ, ಅದು ಮೋಟಾರು ಕಾರ್ಖಾನೆಗಳಿಗೆ ಬಂದದ್ದೇ 1936ರಲ್ಲಿ. 1931ರ ಪೆಟ್ಟಿಗೆಯಲ್ಲಿ ಅದು ಹುಟ್ಟಿನಿಂದ ಇರಲು ಸಾಧ್ಯವಿಲ್ಲ.

ಇನ್ನು ಚಾಸಿ. ಇದರ ಜಾತಕ ವಾಲ್ವುಗಳ ಸಾಕೆಟ್ಟಿನಲ್ಲಿರುತ್ತದೆ. ವಾಲ್ವುಗಳನ್ನು ನಂಬಬಾರದು, ಅವನ್ನು ಯಾರು ಬೇಕಾದರೂ ಬದಲಿಸಿರುತ್ತಾರೆ. ಆದರೆ ಸಾಕೆಟ್ಟು ಉಕ್ಕಿನ ತಟ್ಟೆಗೆ ರಿವೆಟ್ ಹೊಡೆದು ಕೂರಿಸಿದ್ದು. 1930ರ ದಶಕದ ಮೊದಲ ವರ್ಷಗಳ ಚಾಸಿಗಳಲ್ಲಿ ವಾಲ್ವಿನ ತಂತು 2.5 ವೋಲ್ಟಿನದು, 24, 27, 45, 47 ಮುಂತಾದ ಎರಡಂಕಿ ಹೆಸರುಗಳು. ನಂತರ 6.3 ವೋಲ್ಟಿನ 75, 78, 42 ಬಂದವು. ಇವೆಲ್ಲಕ್ಕೂ ನಾಲ್ಕು, ಐದು, ಆರು ಅಥವಾ ಏಳು ಕಡ್ಡಿಗಳು. 1935ರಲ್ಲಿ ಆರ್‌ಸಿಎ ಲೋಹದ ಮೈಯ ವಾಲ್ವುಗಳನ್ನು ತಂದಿತು. ಅವುಗಳ ಜೊತೆಗೆ ಬಂದದ್ದು ನಡುವೆ ಗೂಟವಿರುವ, ಎಂಟು ಕಡ್ಡಿಗಳ ಆಕ್ಟಲ್ ಬುಡ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ‘ಆಕಾಶವಾಣಿ’ ಪ್ರಸಾರ ಶುರುಮಾಡಿದ ವರ್ಷವೂ ಅದೇ ಎಂದು ನೆನಪಿಟ್ಟುಕೊಂಡರೆ ನಮಗೆ ಕಾಲ ಮರೆಯುವುದಿಲ್ಲ. ಆಕ್ಟಲ್ ಸಾಕೆಟ್ಟು ಇದ್ದರೆ 1935ಕ್ಕೆ ಹಿಂದಿನದಲ್ಲ. ಇಷ್ಟು ಖಚಿತವಾದ ಗಡಿರೇಖೆ ಶಾಸನ ಓದುವವರಿಗೂ ಸುಲಭವಾಗಿ ಸಿಗುವುದಿಲ್ಲ.

ನಮ್ಮ ಎದುರಿನ ಚಾಸಿಯಲ್ಲಿ ಎಲ್ಲವೂ ಹಳೆಯ ಬಗೆಯ ಸಾಕೆಟ್ಟುಗಳು, ಒಂದನ್ನು ಬಿಟ್ಟು. ಸ್ಪೀಕರನ್ನು ನಡೆಸುವ ಕೊನೆಯ ವಾಲ್ವಿನ ಜಾಗದಲ್ಲಿ ಮಾತ್ರ ಆಕ್ಟಲ್ ಸಾಕೆಟ್ಟು. ರಿವೆಟ್ಟಿನ ಬದಲು ಪುಟ್ಟ ನಟ್ಟು ಬೋಲ್ಟು. ಅದರಲ್ಲಿ 6ಎಫ್6 ವಾಲ್ವು ಕೂತಿದೆ. ಇಲ್ಲಿ ಸಂಗ್ರಾಹಕರು ‘ತಪ್ಪು’ ಎಂದು ಗುರುತು ಹಾಕುತ್ತಾರೆ. ಆದರೆ 42 ಮತ್ತು 6ಎಫ್6 ಗುಣದಲ್ಲಿ ಒಂದೇ ವಾಲ್ವು, ಬುಡ ಮಾತ್ರ ಬೇರೆ. ಇದನ್ನು ಬಲ್ಲವರೇ ಸಾಕೆಟ್ಟು ಬದಲಿಸಿದ್ದಾರೆ. ಹಾಗಿದ್ದರೆ ಅಂಗಡಿಗೆ ಹೋಗಿ 42ನ್ನೇ ತರುವುದು ಬಿಟ್ಟು ಇಷ್ಟು ಕಷ್ಟಪಟ್ಟದ್ದೇಕೆ?

ಉತ್ತರ ಬಹುಶಃ ಯುದ್ಧ. 1942ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಜನಬಳಕೆಯ ರೇಡಿಯೋಗಳ ತಯಾರಿಕೆಯನ್ನು ಸರ್ಕಾರ ನಿಲ್ಲಿಸಿತು. ಕಾರ್ಖಾನೆಗಳೆಲ್ಲ ಸೇನೆಯ ಕೆಲಸಕ್ಕೆ ತಿರುಗಿದವು. ಹೊಸ ರೇಡಿಯೋ ಇಲ್ಲ. ಹಳೆಯದಕ್ಕೆ ವಾಲ್ವಿನ ಬರ. ರಿಪೇರಿ ಬಲ್ಲ ಹುಡುಗರನೇಕರು ಸೇನೆಯಲ್ಲಿ. ಆದರೆ ಸುದ್ದಿ ಕೇಳುವ ಹಸಿವು ಎಂದೂ ಇಲ್ಲದಷ್ಟು. ಮಗ ಪೆಸಿಫಿಕ್‌ನಲ್ಲೋ ಯುರೋಪಿನಲ್ಲೋ ಇರುವ ಮನೆಯಲ್ಲಿ ರೇಡಿಯೋ ಮೂಕವಾಗುವುದೆಂದರೆ ಏನೆಂದು ಊಹಿಸಬಹುದು. ಯಾವ ವಾಲ್ವಿಗೆ ಯಾವುದು ಬದಲಿ ಎಂಬ ಪಟ್ಟಿಗಳು ಆಗ ರಿಪೇರಿಯವರ ಕೈಯಲ್ಲಿ ಓಡಾಡಿದವು. ಸಿಕ್ಕಿದ ವಾಲ್ವಿಗೆ ತಕ್ಕ ಸಾಕೆಟ್ಟು ಹಾಕಿ, ತಂತಿಗಳನ್ನು ಹೊಸದಾಗಿ ಬೆಸೆದು, ರೇಡಿಯೋ ಮಾತಾಡುವಂತೆ ಮಾಡುವುದು ಆ ವರ್ಷಗಳ ನಿತ್ಯದ ಕಸುಬು. ನಮ್ಮೂರುಗಳ ರೇಡಿಯೋ ರಿಪೇರಿ ಅಂಗಡಿ ಕಂಡವರಿಗೆ ಈ ಕಸುಬು ಹೊಸದೇನಲ್ಲ. ಒಂದು ಸಾಕೆಟ್ಟಿನಿಂದ ಇಸವಿಯನ್ನು ಸಾಧಿಸಲಾಗದು ನಿಜ. ಆದರೆ ಇಂಥ ರಿಪೇರಿಗೆ ಅತಿ ಹೆಚ್ಚು ಕಾರಣವಿದ್ದ ಕಾಲ ಯಾವುದೆಂದು ಹೇಳಬಹುದು.

ಮೂರನೆಯದು ಸ್ಪೀಕರು. 1930ರ ದಶಕದ ಕನ್ಸೋಲ್‌ಗಳ ಸ್ಪೀಕರಿನಲ್ಲಿ ಕಾಯಂ ಅಯಸ್ಕಾಂತ ಸಾಮಾನ್ಯವಾಗಿ ಇರುತ್ತಿರಲಿಲ್ಲ. ತಂತಿಯ ದೊಡ್ಡ ಸುರುಳಿಯೊಂದಕ್ಕೆ ವಿದ್ಯುತ್ ಹರಿಸಿ ಅದನ್ನೇ ಅಯಸ್ಕಾಂತ ಮಾಡುತ್ತಿದ್ದರು. ಜಾಣತನವೆಂದರೆ, ಅದೇ ಸುರುಳಿ ರೇಡಿಯೋಗೆ ಬರುವ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಸೋಸುತ್ತಿತ್ತು. ಹಾಗಾಗಿ ಸ್ಪೀಕರನ್ನು ತೆಗೆದರೆ ಇಡೀ ರೇಡಿಯೋ ಸತ್ತುಹೋಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿರುವುದು ಕಾಯಂ ಅಯಸ್ಕಾಂತದ ಸ್ಪೀಕರು. ಸುರುಳಿಯ ಜಾಗ ತುಂಬಲು ಚಾಸಿಯ ಕೆಳಗೆ ಬೆರಳುದ್ದದ ದಪ್ಪ ರೆಸಿಸ್ಟರು ಕೂರಿಸಿದ್ದಾರೆ. ಇದೂ ತಿಳಿದು ಮಾಡಿದ ಕೆಲಸ. 1500 ಓಮ್‌ನ ಸುರುಳಿಯಲ್ಲಿ 70 ಮಿಲಿಆಂಪಿಯರ್ ಹರಿದರೆ 105 ವೋಲ್ಟು ಅಲ್ಲಿ ಇಳಿಯುತ್ತದೆ, ಏಳು ವಾಟಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಸಣ್ಣ ರೆಸಿಸ್ಟರಾದರೆ ಸುಟ್ಟುಹೋಗುತ್ತಿತ್ತು. ಲೆಕ್ಕ ಹಾಕಿಯೇ ದಪ್ಪದ್ದನ್ನು ಹಾಕಿದ್ದಾರೆ.

ಸ್ಪೀಕರಿನ ಚೌಕಟ್ಟಿನ ಮೇಲೆ ಒತ್ತಿದ ಅಂಕಿಗಳು ಇನ್ನೂ ಮಾತಾಡುತ್ತವೆ. ಮೊದಲ ಮೂರಂಕಿ ತಯಾರಕರ ಗುರುತು: 220 ಎಂದರೆ ಜೆನ್ಸನ್, 285 ಎಂದರೆ ರೋಲಾ, 328 ಎಂದರೆ ಯೂಟಾ. ಮುಂದಿನ ಅಂಕಿ ವರ್ಷದ ಕೊನೆಯದು, ಆಮೇಲಿನ ಎರಡು ಅಂಕಿ ವಾರದ್ದು. 220738 ಎಂದಿದ್ದರೆ ಜೆನ್ಸನ್ ಕಂಪನಿ, 7ರಲ್ಲಿ ಕೊನೆಗೊಳ್ಳುವ ವರ್ಷ, 38ನೆಯ ವಾರ. 1937ರೋ 1947ರೋ 1957ರೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಅಲ್ನಿಕೊ ಎಂಬ ಬಲವಾದ ಅಯಸ್ಕಾಂತದ ಸ್ಪೀಕರುಗಳು ಮನೆಮನೆಯ ರೇಡಿಯೋಗೆ ಸಾಮಾನ್ಯವಾದದ್ದು ಯುದ್ಧ ಮುಗಿದ ಮೇಲೆ. 1937 ಹಾಗಾಗಿ ಹಿಂದೆ ಸರಿಯುತ್ತದೆ. ಉಳಿದೆರಡರಲ್ಲಿ 1947ಕ್ಕೆ ತೂಕ ಹೆಚ್ಚು.

ಚಾಸಿಯನ್ನು ಮಗುಚಿದರೆ ಇನ್ನೂ ಸಣ್ಣ ಪದರಗಳು ಕಾಣುತ್ತವೆ. ಹಳೆಯ ರೆಸಿಸ್ಟರುಗಳ ಮೇಲೆ ಈಗಿನಂತೆ ಬಣ್ಣದ ಪಟ್ಟಿಗಳಿಲ್ಲ. ಮೈಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯದು, ನಡುವಿನ ಚುಕ್ಕೆ ಸೊನ್ನೆಗಳ ಲೆಕ್ಕ. ಕಂದು ಮೈ, ಕಪ್ಪು ತುದಿ, ಹಳದಿ ಚುಕ್ಕೆ ಎಂದರೆ ಒಂದು ಲಕ್ಷ ಓಮ್. ಅವುಗಳ ನಡುವೆ ಪಟ್ಟಿಗಳ ರೆಸಿಸ್ಟರು ಕಂಡರೆ ಅದು ಆಮೇಲೆ ಬಂದದ್ದಿರಬೇಕು. ಮೇಣ ಮೆತ್ತಿದ ಕಾಗದದ ಕಂಡೆನ್ಸರುಗಳ ನಡುವೆ ಕಪ್ಪು ಮೈಗೆ ಬಣ್ಣದ ಪಟ್ಟೆಗಳಿರುವ, ಸ್ಪ್ರೇಗ್ ಕಂಪನಿಯ ‘ದುಂಬಿ’ ಕಂಡೆನ್ಸರು ಸಿಕ್ಕಿದರೆ ಯಾರೋ ಯುದ್ಧದ ನಂತರದ ವರ್ಷಗಳಲ್ಲಿ ಮತ್ತೊಮ್ಮೆ ಹಿಂಬದಿ ತೆರೆದಿದ್ದಾರೆ ಎಂದರ್ಥ. ಬೆಸುಗೆಯ ಕೈಗಳೂ ಬೇರೆ ಬೇರೆ. ಒಬ್ಬರು ತಂತಿಯನ್ನು ಸುತ್ತಿ ಬೆಸೆಯುತ್ತಾರೆ, ಇನ್ನೊಬ್ಬರು ಹಳೆಯ ತಂತಿಯ ತುಂಡಿಗೇ ಹೊಸದನ್ನು ಕೊಕ್ಕೆ ಹಾಕಿ ಬೆಸೆಯುತ್ತಾರೆ. ಓಲೆಗರಿಯಲ್ಲಿ ಲಿಪಿಕಾರರ ಕೈ ಬದಲಾದದ್ದನ್ನು ಗುರುತಿಸುವ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಈಗ ಒಟ್ಟಿಗೆ ಇಟ್ಟು ನೋಡೋಣ. 1931ರ ಸುಮಾರಿನ ಬೀರು. 1934ರ ಸುಮಾರಿನ ಚಾಸಿ. ಬಹುಶಃ ಯುದ್ಧಕಾಲದ ಸಾಕೆಟ್ಟು. 1947ರದೆನ್ನಬಹುದಾದ ಸ್ಪೀಕರು. ಆಮೇಲಿನ ಕಂಡೆನ್ಸರು. ಇಂಥದ್ದು ಎರಡು ಬಗೆಯಲ್ಲಿ ಹುಟ್ಟಬಹುದು. ಇತ್ತೀಚೆಗೆ ವ್ಯಾಪಾರಿಯೊಬ್ಬರು ಉಗ್ರಾಣದಲ್ಲಿ ಬಿದ್ದದ್ದನ್ನೆಲ್ಲ ಜೋಡಿಸಿ ಮಾರಿರಬಹುದು, ಅದು ಮೋಸ. ಇಲ್ಲವೇ ಒಂದೇ ಮನೆಯವರು ದುಡ್ಡು ಕೊಟ್ಟು ಕೊಂಡ ಚೆಂದದ ಬೀರನ್ನು ಬಿಡಲಾರದೆ, ಕುಸಿತದ ದಿನಗಳಲ್ಲಿ ವಿದೇಶಿ ಪ್ರಸಾರ ಕೇಳಿಸುವ ಶಾರ್ಟ್‌ವೇವ್ ಚಾಸಿಯೊಂದನ್ನು ಮಾತ್ರ ಕೊಂಡು ಅದರಲ್ಲಿ ಕೂರಿಸಿ, ಆಮೇಲೆ ಕೆಟ್ಟಾಗಲೆಲ್ಲ ರಿಪೇರಿ ಮಾಡಿಸಿರಬಹುದು, ಅದು ಬದುಕು. ಭಾಗಗಳ ಪಟ್ಟಿ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ಇರುವುದು ಸಾಕ್ಷ್ಯದಲ್ಲಿ. ಗರಗಸದ ಅಂಚು ಕಂದಾಗಿದೆಯೇ? ಈಗಿನ ಚಾಸಿಯ ಧೂಳಿನ ನೆರಳೂ ಹಲಗೆಯ ಮೇಲೆ ಗಾಢವಾಗಿ ಮೂಡಿದೆಯೇ? ಸ್ಪೀಕರಿನ ಹಿಂದೆ ಬಟ್ಟೆಯ ಮೇಲೆ ಕೂತ ಮಸಿಯ ವೃತ್ತ ಈಗಿನ ಸ್ಪೀಕರಿನ ಅಳತೆಗೆ ಹೊಂದುತ್ತದೆಯೇ? ಹೌದಾದರೆ ಈ ‘ಮದುವೆ’ ನಿನ್ನೆ ಮೊನ್ನೆಯದಲ್ಲ, ಹಳೆಯ ದಾಂಪತ್ಯ.

ಹೆಸರು ಪತ್ತೆಗೆ ಮಾದರಿ ಸಂಖ್ಯೆಗಳು ನೆರವಾಗುತ್ತವೆ, ಚಾಸಿಯದು ಚಾಸಿಯ ಮಟ್ಟಿಗೆ, ಪೆಟ್ಟಿಗೆಯದು ಪೆಟ್ಟಿಗೆಯ ಮಟ್ಟಿಗೆ. ಫಿಲ್ಕೊ 1937ರ ಮಾದರಿಗಳಿಂದ ವರ್ಷವನ್ನೇ ಮುಂದಿಟ್ಟುಕೊಂಡಿತು: 37-116, 38-116, 39-116. ಜೆನಿತ್‌ನ 9ಎಸ್262 ಎಂಬ ಹೆಸರಿನ ಮೊದಲ ಅಂಕಿ ವಾಲ್ವುಗಳ ಎಣಿಕೆ. ಜಾನ್ ಎಫ್. ರೈಡರ್ ರಿಪೇರಿಯವರಿಗಾಗಿ ವರ್ಷ ವರ್ಷವೂ ಹೊರತಂದ ದಪ್ಪ ಸಂಪುಟಗಳಲ್ಲಿ ಸಾವಿರಾರು ಸೆಟ್ಟುಗಳ ನಕ್ಷೆಗಳಿವೆ. ವಾಲ್ವುಗಳ ಸಾಲು, ಬ್ಯಾಂಡುಗಳ ಎಣಿಕೆ, ಗುಂಡಿಗಳ ನಡುವಿನ ಅಂತರ ಇಟ್ಟುಕೊಂಡು ಅದರಲ್ಲಿ ಹುಡುಕಿದರೆ ಚಾಸಿಯ ಹೆಸರು ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಸಿಕ್ಕ ಮೇಲೆ ಕಷ್ಟದ ಪ್ರಶ್ನೆ ಬರುತ್ತದೆ. ಜೀರ್ಣೋದ್ಧಾರ ಯಾವ ವರ್ಷಕ್ಕೆ? 1931ಕ್ಕೆ ಎಂದರೆ ಚಾಸಿ, ಡಯಲ್ಲು, ಸ್ಪೀಕರು ಎಲ್ಲ ಹೋಗಬೇಕು. 1934ಕ್ಕೆ ಎಂದರೆ ಪೆಟ್ಟಿಗೆಯೇ ಹೋಗಬೇಕು. ಯಾವುದನ್ನು ಆರಿಸಿದರೂ ಸಿಗುವುದು ಎಂದೂ ಯಾರ ಮನೆಯಲ್ಲೂ ಇರದಿದ್ದ ಒಂದು ರೇಡಿಯೋ. ಹಂಪಿಯ ವಿರೂಪಾಕ್ಷ ದೇವಾಲಯದ ಒಳಭಾಗ ವಿಜಯನಗರಕ್ಕಿಂತ ಹಳೆಯದು. ಮುಂದಿನ ರಂಗಮಂಟಪ ಕೃಷ್ಣದೇವರಾಯನ ಕಾಲದ್ದು. ‘ಮೂಲ’ ತೋರಿಸುತ್ತೇವೆಂದು ಮಂಟಪ ಕೆಡವಲು ಯಾರೂ ಹೊರಡುವುದಿಲ್ಲ. ದೇವಾಲಯಕ್ಕೆ ತೋರುವ ಈ ವಿವೇಕವನ್ನು ರೇಡಿಯೋಗೆ ತೋರದಿರಲು ಕಾರಣ ಸರಳ. ಮಂಟಪ ಕಟ್ಟಿಸಿದವನಿಗೆ ಹೆಸರಿತ್ತು, ಶಾಸನವಿತ್ತು. ಸಾಕೆಟ್ಟು ಬದಲಿಸಿದವರ ಹೆಸರು ಉಳಿದಿಲ್ಲ.

ಇದರ ಹಿಂದೆ ಹಣದ ಒತ್ತಡವೂ ಇದೆ. 45, 2ಎ3 ಮುಂತಾದ ಹಳೆಯ ವಾಲ್ವುಗಳಿಗೆ ಇಂದಿನ ಸಂಗೀತಪ್ರಿಯರ ಆಂಪ್ಲಿಫೈಯರುಗಳಲ್ಲಿ ಭಾರೀ ಬೇಡಿಕೆ. ಅಷ್ಟೆತ್ತರದ ಪೆಟ್ಟಿಗೆ ಇಡಲು ಮನೆಗಳಲ್ಲಿ ಜಾಗವಿಲ್ಲ. ಹಾಗಾಗಿ ಕನ್ಸೋಲ್‌ನ ವಾಲ್ವುಗಳೂ ಟ್ರಾನ್ಸ್‌ಫಾರ್ಮರುಗಳೂ ಒಂದು ಕಡೆ ಹೋಗುತ್ತವೆ, ಬೀರು ಮದ್ಯದ ಬಾಟಲಿ ಇಡುವ ಕಪಾಟಾಗುತ್ತದೆ. ‘ಹೇಗೂ ಮದುವೆಯಾದದ್ದು’ ಎಂಬ ಮಾತು ಈ ಕಟುಕತನಕ್ಕೆ ಸಿಗುವ ಸುಲಭದ ಪರವಾನಗಿ. ಬಿಚ್ಚುವ ಮುಂಚೆ ಒಂದು ಫೋಟೋ ತೆಗೆಯುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ.

ಹಾಗೆಂದು ಏನನ್ನೂ ಮುಟ್ಟಬಾರದು ಎನ್ನಲಾಗದು. ರೇಡಿಯೋ ಇರುವುದು ಕೇಳುವುದಕ್ಕೆ. ಹಳೆಯ ಕಾಗದದ ಕಂಡೆನ್ಸರುಗಳು ಸೋರುತ್ತವೆ, ವಿದ್ಯುತ್ ಸೋಸುವ ಎಲೆಕ್ಟ್ರೋಲಿಟಿಕ್‌ಗಳು ಒಣಗಿರುತ್ತವೆ. ಹಾಗೇ ಪ್ಲಗ್ ಹಾಕಿದರೆ ಮತ್ತೆಲ್ಲೂ ಸಿಗದ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ಅವನ್ನು ಬದಲಿಸಲೇಬೇಕು, ಒಡೆದ ರಬ್ಬರಿನ ತಂತಿಗಳನ್ನೂ ಬದಲಿಸಬೇಕು. ಮೊದಲ ಸಲ ವಿದ್ಯುತ್ ಕೊಡುವಾಗ ಸಾಲಿನಲ್ಲಿ ಒಂದು ಬಲ್ಬು ಇಟ್ಟುಕೊಳ್ಳಬೇಕು. ಬಲ್ಬು ಪ್ರಖರವಾಗಿ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ ಎಂದು ಕೂಡಲೇ ತಿಳಿಯುತ್ತದೆ. ಭಾರತದಲ್ಲಿ ಇದನ್ನು ಮಾಡುವವರಿಗೆ ಇನ್ನೊಂದು ಮಾತು: ಅಮೆರಿಕದ ಸೆಟ್ಟುಗಳು 110–120 ವೋಲ್ಟಿನವು, ನಮ್ಮ 230ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರು ಇಲ್ಲದೆ ಹಚ್ಚಬಾರದು.

ನಾಜೂಕಿನ ಕೆಲಸಗಾರರು ಇಲ್ಲಿ ಒಂದು ಉಪಾಯ ಮಾಡುತ್ತಾರೆ. ಹಳೆಯ ಕಂಡೆನ್ಸರಿನ ಕಾಗದದ ಕೊಳವೆಯನ್ನು ಬಿಸಿಮಾಡಿ ತಿರುಳು ತೆಗೆದು, ಒಳಗೆ ಹೊಸ ಪುಟ್ಟ ಕಂಡೆನ್ಸರು ತೂರಿಸಿ, ಮತ್ತೆ ಮೇಣ ಮುಚ್ಚುತ್ತಾರೆ. ಹೊರಗಿನಿಂದ 1934, ಒಳಗಿನಿಂದ ಇಂದಿನದು. ನೋಡಲು ಸೊಗಸು, ಕೌಶಲವೂ ದೊಡ್ಡದು. ಆದರೆ ಇದೊಂದು ಪ್ರಕ್ಷೇಪ, ಗುರುತು ಸಿಗದಂತೆ ಮೂಲದೊಳಗೆ ಸೇರಿಸಿದ ಪದ್ಯದ ಹಾಗೆ. ನಟ್ಟು ಬೋಲ್ಟು ಹಾಕಿ ಆಕ್ಟಲ್ ಸಾಕೆಟ್ಟು ಕೂರಿಸಿದವರು ತಮ್ಮ ಕೆಲಸವನ್ನು ಬಚ್ಚಿಡಲಿಲ್ಲ, ಅದರಿಂದಲೇ ನಾವು ಇಂದು ಅವರನ್ನು ಓದಬಲ್ಲೆವು. ನಮ್ಮ ಕೆಲಸವನ್ನು ಮುಂದಿನವರು ಓದಬೇಡವೇ?

ಆದ್ದರಿಂದ ಇಂಥ ರೇಡಿಯೋಗೆ ಮಾಡಬಹುದಾದ ನ್ಯಾಯ ಇಷ್ಟು. ಅಪಾಯಕಾರಿಯಾದ ಭಾಗಗಳನ್ನು ಮಾತ್ರ ಬದಲಿಸುವುದು. ಆಕ್ಟಲ್ ಸಾಕೆಟ್ಟು, ಯುದ್ಧಾನಂತರದ ಸ್ಪೀಕರು, ಅಗಲಿಸಿದ ಕಿಂಡಿ ಇವನ್ನು ಇದ್ದ ಹಾಗೇ ಬಿಡುವುದು. ಮಾರುವಾಗ ಇದು ಬೆರಕೆಯೆಂದೇ ಹೇಳಿ ಮಾರುವುದು, ಜೊತೆಗೆ ಬೆರಕೆಯಾದ ಬಗೆಯನ್ನೂ ಹೇಳುವುದು. ತೆಗೆದ ಕಂಡೆನ್ಸರುಗಳನ್ನು ಒಂದು ಲಕೋಟೆಗೆ ಹಾಕಿ, ಯಾವುದು ಎಲ್ಲಿತ್ತು ಎಂದು ಗುರುತು ಬರೆದು, ಪೆಟ್ಟಿಗೆಯ ಒಳಗೋಡೆಗೆ ಕಟ್ಟುವುದು. ಅದರ ಪಕ್ಕದಲ್ಲಿ ಒಂದು ಚೀಟಿ: ಇಂಥ ದಿನ ತೆರೆದದ್ದು, ಇಂತಿಷ್ಟು ಬದಲಿಸಿದ್ದು, ಇದ್ದಕ್ಕಿದ್ದ ಹಾಗೆ ಬಿಟ್ಟದ್ದು ಇವು, ಚಾಸಿಯ ಹೆಸರು ಇದಿರಬಹುದು, ಖಚಿತವಿಲ್ಲ. ಕೆಳಗೆ ರಿಪೇರಿ ಮಾಡಿದವರ ಹೆಸರು.